ಮಲೆನಾಡಿನ ಕರೆಂಟಿಗೆ ತಡೆಯೋ ಪಿಸಿ ಕಟ್ಟಿದ್ದು: ನನ್ನ ಅನುಭವ

ತೀರ್ಥಹಳ್ಳಿ ಹತ್ರ ಮನೆಯಲ್ಲೇ ಕೂತು ಡಿಟಿಪಿ ಮಾಡೋನು ನಾನು. ಮಳೆಗಾಲ ಬಂತಂದ್ರೆ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತೆ, ಹಳೇ ಪಿಸಿ ಎರಡು ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡೋ ಡಬ್ಬ) ತಿಂದು ಕೊನೆಗೆ ಮದರ್‌ಬೋರ್ಡೂ ಸುಟ್ಟೋದಾಗ ಸ್ಪೀಡು ಆಮೇಲೆ ನೋಡೋಣ, ಮೊದ್ಲು ಕೈ ಕೊಡದ ಮಷೀನು ಬೇಕು ಅಂತ ಕಂಪ್ಯೂಟರ್ ಸಾಮಾನು ಸಿಗೋ ಬೆಂಗಳೂರು ಎಸ್.ಪಿ. ರೋಡಿಗೆ ಹೋದೆ.

ಪ್ರೊಸೆಸರ್ ರೈಜನ್ 5 5600ಜಿ ತಗೊಂಡೆ, 6 ಕೋರು, 65 ವಾಟು, ಗ್ರಾಫಿಕ್ಸ್ ಅದ್ರೊಳಗೇ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ರೆ ಬಿಸಿ ಕಮ್ಮಿ, ಕೆಡೋ ಐಟಮ್ಮೂ ಒಂದು ಕಮ್ಮಿ. ಬಿ550 ಬೋರ್ಡು, 8 ಜಿಬಿದು ಎರಡು ರ‍್ಯಾಮು, ಒಂದು ಎಸ್‌ಎಸ್‌ಡಿ. ಎಸ್‌ಎಂಪಿಎಸ್‌ಗೆ ಮಾತ್ರ ಚೌಕಾಸಿ ಮಾಡ್ಲಿಲ್ಲ. ಅದ್ರ ಮೇಲಿರೋ 80 ಪ್ಲಸ್ ಗುರುತು ಕರೆಂಟು ಎಷ್ಟು ಪೋಲಾಗುತ್ತೆ ಅನ್ನೋ ಲೆಕ್ಕ ಅಷ್ಟೇ, ಗಟ್ಟಿತನದ್ದಲ್ಲ, ಅದಕ್ಕೇ 5 ವರ್ಷ ವಾರಂಟಿ ಇರೋದನ್ನೇ ಹುಡುಕಿ ತಂದೆ.

ಜೋಡಿಸೋದು ಒಂದು ಮಧ್ಯಾಹ್ನದ ಕೆಲಸ. ಆದ್ರೆ ಆನ್ ಮಾಡಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದ್ರೆ ಬೆರಳು ಜುಮ್ ಅಂತು. ಸಾಕೆಟ್ ಬಿಚ್ಚಿ ನೋಡಿದ್ರೆ ಅರ್ತ್ ಪಿನ್ನಿಗೆ ವೈರೇ ಇಲ್ಲ! ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸು, ನ್ಯೂಟ್ರಲ್ಲು ಎರಡರಿಂದ್ಲೂ ಕ್ಯಾಬಿನೆಟ್ಟಿಗೆ ಸೇರಿರ್ತವೆ, ಅರ್ತಿಂಗ್ ಇಲ್ದಿದ್ರೆ 230 ವೋಲ್ಟಿನ ಹೆಚ್ಚುಕಮ್ಮಿ ಅರ್ಧ ಅಲ್ಲೇ ಕೂತಿರುತ್ತೆ. ಇಷ್ಟು ವರ್ಷ ಹಳೇ ಪಿಸಿ ಹೀಗೇ ಓಡಿತ್ತಲ್ಲ ಅಂತ ಹೊಟ್ಟೆ ಉರೀತು. ಹಿತ್ತಲಲ್ಲಿ ಗುಂಡಿ ತೆಗೆಸಿ, ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ವೈರಿಂಗ್ ಅಣ್ಣನ ಹತ್ರ ಹೊಸ ಹಸಿರು ವೈರು ಎಳೆಸಿದೆ. ಆಮೇಲೆ ಮಲ್ಟಿಮೀಟರ್ ಹಿಡಿದ್ರೆ ಫೇಸಿಗೂ ಅರ್ತಿಗೂ 228 ವೋಲ್ಟು, ನ್ಯೂಟ್ರಲ್ಲಿಗೂ ಅರ್ತಿಗೂ 2ಕ್ಕಿಂತ ಕಮ್ಮಿ. ಜುಮ್ ಅನ್ನೋದು ನಿಂತೇ ಹೋಯ್ತು.

ವಿಂಡೋಸ್ ಹಾಕೋ ಮೊದ್ಲು ಪೆನ್‌ಡ್ರೈವಿಂದ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಎರರ್! ಹೊಸ ರ‍್ಯಾಮು ರೀ. ಒಂದೊಂದನ್ನೇ ಅದೇ ಸ್ಲಾಟಿಗೆ ಹಾಕಿ ಓಡಿಸಿದಾಗ ಕೆಟ್ಟಿದ್ದು ಯಾವ್ದು ಅಂತ ಗೊತ್ತಾಯ್ತು. ಅಂಗಡಿಯವ್ರು "ಬೂಟ್ ಆಗ್ತಿದೆಯಲ್ಲ ಸಾರ್, ಇನ್ನೇನು" ಅಂದ್ರು, ನಾನು ತೆಗೆದಿದ್ದ ಎರರ್ ಫೋಟೋ ಕಳಿಸಿದ್ಮೇಲೆ ಬದಲಾಯಿಸಿ ಕೊಟ್ರು. ದಯವಿಟ್ಟು ಈ ಟೆಸ್ಟು ಬಿಡ್ಬೇಡಿ, ರ‍್ಯಾಮ್ ಕೆಟ್ಟಿದ್ರೆ ಫೈಲು ಹಾಳಾಗ್ತಾ ಹೋಗುತ್ತೆ, ನಾವು ಸಾಫ್ಟ್‌ವೇರಿಗೆ ಬೈತಾ ಕೂತಿರ್ತೀವಿ.

600 ವಿಎ ಯುಪಿಎಸ್ಸು ಸಾಕಾಗಿದೆ, ಫೈಲ್ ಸೇವ್ ಮಾಡಿ ಮುಚ್ಚೋಕೆ ಟೈಮು ಸಿಗುತ್ತೆ. ಗುಡುಗು ಶುರುವಾದ್ರೆ ಮಾತ್ರ ಪ್ಲಗ್ ಜೊತೆ ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡ್ತೀನಿ, ಪಕ್ಕದ ಮನೇಲಿ ಪ್ಲಗ್ ಕಿತ್ತಿದ್ರೂ ಸಿಡಿಲು ಆ ವೈರಿಂದ್ಲೇ ಬಂದು ಬೋರ್ಡು ಹೋಗಿತ್ತು.