ರಿಫ್ಲೋ ಓವನ್‌ಗೆ ಪ್ರೊಫೈಲರ್ ತಂದ ಕಥೆ

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಚಿಕ್ಕ ಶೆಡ್. ಅಡಿಕೆ ತೋಟದ ಪಂಪ್‌ಸೆಟ್‌ಗೆ ಹಾಕುವ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಐದು ಝೋನಿನ ಸೆಕೆಂಡ್‌ಹ್ಯಾಂಡ್ ರಿಫ್ಲೋ ಓವನ್ ಇದೆ. ಸೋಲ್ಡರ್ ಪೇಸ್ಟ್ ಹಚ್ಚಿ ಬಿಡಿಭಾಗ ಕೂರಿಸಿದ ಬೋರ್ಡ್ ಕನ್ವೇಯರ್ ಮೇಲೆ ಐದು ಬಿಸಿ ವಿಭಾಗ, ಅಂದರೆ ಝೋನ್, ದಾಟುವಾಗ ಪೇಸ್ಟ್ ಕರಗಿ ಭಾಗಗಳು ಬೆಸೆದುಕೊಳ್ಳುತ್ತವೆ. ಮೊದಲ ಎರಡು ವರ್ಷ ಅದರ ಡಿಸ್‌ಪ್ಲೇ ಹೇಳಿದ ನಂಬರನ್ನೇ ನಂಬಿಕೊಂಡು ಕೆಲಸ ನಡೆಸಿದೆವು.

ಒಂದು ಮಳೆಗಾಲದಲ್ಲಿ ಪುತ್ತೂರು, ಸುಳ್ಯ ಕಡೆಯಿಂದ ಬೋರ್ಡುಗಳು ವಾಪಸ್ ಬರತೊಡಗಿದವು. ಬೆರಳಲ್ಲಿ ತಟ್ಟಿದರೆ ಸ್ವಿಚ್ಚಿನ ಕೆಲಸ ಮಾಡುವ ರಿಲೇ ಟಕಟಕ ಅನ್ನುತ್ತಿತ್ತು. ದೊಡ್ಡ ಇಂಡಕ್ಟರನ್ನು (ತಂತಿ ಸುತ್ತಿದ ಕಾಯಿಲ್) ಕಿತ್ತು ಲೆನ್ಸ್ ಹಿಡಿದು ನೋಡಿದೆ. ಪೇಸ್ಟ್ ಕರಗಿ ಹರಡಿರಲೇ ಇಲ್ಲ. ಉಪ್ಪಿಟ್ಟಿನ ರವೆ ಹಾಗೆ ಕಾಳು ಕಾಳಾಗಿ ಕೂತಿತ್ತು.

ಸರಿ, ಬಿಸಿ ಸಾಲದು ಅಂತ ಕೊನೆಯ ಝೋನನ್ನು 10 ಡಿಗ್ರಿ ಏರಿಸಿದೆ. ಬಿಳಿ ಕನೆಕ್ಟರುಗಳು ಹಳದಿಯಾದವು, ಇಂಡಕ್ಟರಿನ ಅಡಿ ಮಾತ್ರ ಹಾಗೇ ಇತ್ತು! ಡಿಸ್‌ಪ್ಲೇ ತೋರಿಸುವುದು ಓವನ್ ಒಳಗಿನ ಸೆನ್ಸರಿನ ಬಿಸಿ. ಬೋರ್ಡಿನ ಮೇಲೆ ಯಾವ ಭಾಗ ಎಷ್ಟು ಬಿಸಿಯಾಯಿತು ಅಂತ ಅದಕ್ಕೆ ಗೊತ್ತೇ ಇಲ್ಲ. ಎಲೆಯ ಕೊಳವೆಯಲ್ಲಿ ಮೂಡೆ ಇಡ್ಲಿ ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹೊರಗೆ ಬೆಂದಿರುತ್ತದೆ, ನಡುವೆ ಹಿಟ್ಟೇ.

ನಾವು ಬಳಸುವುದು ಸೀಸ ಇಲ್ಲದ ಸ್ಯಾಕ್ 305 ಪೇಸ್ಟ್. ತವರದ ಜೊತೆ ಶೇ. 3 ಬೆಳ್ಳಿ, ಶೇ. 0.5 ತಾಮ್ರ. ಇದು ಕರಗಲು ಶುರುವಾಗುವುದೇ 217 ಡಿಗ್ರಿಯಲ್ಲಿ. ಹಳೆಯ ಸೀಸದ ಸೋಲ್ಡರ್ 183ಕ್ಕೇ ಕರಗುತ್ತಿತ್ತು, ತಪ್ಪು ಮಾಡಿದರೂ ನಡೆಯುತ್ತಿತ್ತು. ನಮ್ಮ ಪೇಸ್ಟಿನ ವಿವರದ ಹಾಳೆಯ ಪ್ರಕಾರ ಗರಿಷ್ಠ ಬಿಸಿ 235ರಿಂದ 245 ಇರಬೇಕು, 217ರ ಮೇಲೆ 45ರಿಂದ 90 ಸೆಕೆಂಡ್ ನಿಲ್ಲಬೇಕು.

ಮೊದಲು ಖರ್ಚು ಉಳಿಸಲು ನೋಡಿದೆ. ಕೈಯಲ್ಲಿ ಹಿಡಿಯುವ ನಾಲ್ಕು ಚಾನೆಲ್ ಮೀಟರಿಗೆ ಮೂರು ಮೀಟರ್ ಉದ್ದದ, ತುದಿಯಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಸಿಕ್ಕಿಸಿ, ಬೋರ್ಡಿನ ಹಿಂದೆ ಎಳೆಯಲು ಬಿಟ್ಟೆ. ಎರಡನೇ ಸಲವೇ ತಂತಿ ಕನ್ವೇಯರ್ ಚೈನಿಗೆ ಸುತ್ತಿಕೊಂಡಿತು. ಅರ್ಧ ದಿನ ಓವನ್ ಬಿಚ್ಚಿ ಕೂತೆವು.

ಆಮೇಲೆ ಬೋರ್ಡಿನ ಜೊತೆ ಓವನ್ ಒಳಗೇ ಹೋಗಿಬಂದು, ದಾರಿಯುದ್ದಕ್ಕೂ ಬಿಸಿ ದಾಖಲಿಸುವ ಪ್ರೊಫೈಲರ್ ಹುಡುಕಿದೆ. ಕೆಐಸಿ, ಡೇಟಾಪ್ಯಾಕ್, ಸೋಲ್ಡರ್‌ಸ್ಟಾರ್ ಬ್ರ್ಯಾಂಡ್ ಎಲ್ಲವುಗಳ ವಿವರ ಓದಿದೆ. ಚಾನೆಲ್ ಎಷ್ಟು, ಸಾಫ್ಟ್‌ವೇರ್ ಹೇಗೆ ಅಂತಲೇ ತಲೆ ಕೆಡಿಸಿಕೊಂಡಿದ್ದೆ. ಒಬ್ಬರು ಡೆಮೊಗೆ ತಂದ ಪೆಟ್ಟಿಗೆ ಹೀಟ್ ಶೀಲ್ಡ್ ಹಾಕಿದ ಮೇಲೆ ನಮ್ಮ ಓವನ್ ಬಾಯಿಯಲ್ಲಿ ಹಿಡಿಸಲೇ ಇಲ್ಲ. ನಮ್ಮಲ್ಲಿ ಎತ್ತರ ಬರೀ 30 ಮಿಲಿಮೀಟರ್. ಪಾಪ, ಚಾ ಕುಡಿದು ಹೋದರು. ನೀವು ಕೊಳ್ಳುವುದಾದರೆ ಮೊದಲು ಓವನ್ ಬಾಯಿ ಅಳೆಯಿರಿ. ಎರಡನೆಯದು, ಶೀಲ್ಡ್ ಎಷ್ಟು ಹೊತ್ತು ಬಿಸಿ ತಡೆಯುತ್ತದೆ ಅಂತ ಕೇಳಿ. ಕನ್ವೇಯರ್ ನಿಧಾನವಾದಷ್ಟೂ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಕಷ್ಟ. ರೇಡಿಯೋದಲ್ಲಿ ಲೈವ್ ಗ್ರಾಫ್ ಕಳಿಸುವ ಮಾಡೆಲ್ ನಮ್ಮಂಥವರಿಗೆ ಸುಮ್ನೆ ದುಡ್ಡು ದಂಡ. ಹೊರಬಂದ ಮೇಲೆ ಯುಎಸ್‌ಬಿ ಹಾಕಿ ನೋಡಿದರೆ ಸಾಕು. ಕೊನೆಗೆ ಆರು ಚಾನೆಲಿನ ತೆಳು ಪ್ರೊಫೈಲರ್ ತಂದೆ.

ಯಂತ್ರ ಬಂತು, ತಲೆನೋವು ಹೋಗಲಿಲ್ಲ. ಮೊದಲ ಗ್ರಾಫಿನಲ್ಲಿ ಒಂದು ಗೆರೆ ಬೋರ್ಡ್ ಬಿಸಿಯಾದಂತೆ ಕೆಳಗಿಳಿಯುತ್ತಿತ್ತು. ನಮ್ಮ ಕೆ ಟೈಪ್ ಥರ್ಮೋಕಪಲ್ ತಂತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಕಂಡರೆ ಪ್ಲಸ್ ಅನ್ನುವುದು ನಮ್ಮ ಕೈಗೆ ಅಂಟಿದ ಚಾಳಿ, ನಾನೇ ಉಲ್ಟಾ ಜೋಡಿಸಿದ್ದೆ.

ಅದಕ್ಕಿಂತ ದೊಡ್ಡ ಪಾಠ ತಂತಿಯ ತುದಿಯನ್ನು ಬೋರ್ಡಿಗೆ ಅಂಟಿಸುವುದರಲ್ಲಿತ್ತು. ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಲ್ಲಿ ಅಂಟಿಸಿದ್ದೆ. ಬಿಸಿಗೆ ಅಂಟು ಸಡಿಲಾಗಿ ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಅಷ್ಟಕ್ಕೇ ಅದು ಗಾಳಿಯ ಬಿಸಿ ಅಳೆದು, 15 ಡಿಗ್ರಿ ಜಾಸ್ತಿ ತೋರಿಸಿತು. ಇನ್ನೊಂದು ಥರ್ಮೋಕಪಲಿನ ಎರಡೂ ತಂತಿಗಳನ್ನು ಚೆನ್ನಾಗಿರಲಿ ಅಂತ ನಾಲ್ಕು ಸುತ್ತು ತಿರುಚಿದ್ದೆ. ಮೀಟರಿನ ಕಡೆಯಿಂದ ನೋಡಿದರೆ ಎರಡು ತಂತಿ ಮೊದಲು ಎಲ್ಲಿ ಮುಟ್ಟುತ್ತವೋ ಅಲ್ಲಿಯ ಬಿಸಿಯೇ ಮೀಟರಿಗೆ ಹೋಗುತ್ತದೆ, ಬೆಸೆದ ತುದಿಯದ್ದಲ್ಲ. ಈಗ ತಿರುಚುವುದಿಲ್ಲ. ಸಣ್ಣ ಮಣಿಯಂಥ ತುದಿಯನ್ನು ಇಂಡಕ್ಟರಿನ ಕಾಲಿಗೇ ಸೀಸ ಜಾಸ್ತಿ ಇರುವ ಹೈ ಟೆಂಪರೇಚರ್ ಸೋಲ್ಡರಿನಲ್ಲಿ ಕೂರಿಸುತ್ತೇನೆ. ಅದು ನಮ್ಮ ಓವನ್ ಬಿಸಿಗೆ ಕರಗುವುದಿಲ್ಲ. ಕೆ ಟೈಪ್ ತಂತಿಗೆ ಮಾಮೂಲಿ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವುದು) ಸಾಕಾಗುವುದಿಲ್ಲ, ಆಸಿಡ್ ಫ್ಲಕ್ಸ್ ಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಹಾಳು ಮಾಡಬಾರದ ಬೋರ್ಡ್ ಆದರೆ ಅಲ್ಯೂಮಿನಿಯಂ ಟೇಪ್.

ಹೀಗೆ ಅಂಟಿಸಿ ಬಿಟ್ಟಾಗ ನಿಜ ಹೊರಬಂತು. ಅಂಚಿನ ಪುಟ್ಟ ರೆಸಿಸ್ಟರ್ 241 ಮುಟ್ಟಿತ್ತು. ನಡುವೆ ದಪ್ಪ ತಾಮ್ರದ ಮೇಲೆ ಕೂತ ಇಂಡಕ್ಟರ್ 219ಕ್ಕೇ ನಿಂತಿತ್ತು, 217ರ ಮೇಲೆ ಇದ್ದದ್ದು ಬರೀ 12 ಸೆಕೆಂಡ್! ಈ ಸಲ ಕೊನೆಯ ಝೋನಿಗೆ ಕೈ ಹಾಕಲಿಲ್ಲ. ಕನ್ವೇಯರ್ ನಿಧಾನ ಮಾಡಿ, ನಡುವಿನ ಝೋನುಗಳನ್ನು ಸ್ವಲ್ಪ ಏರಿಸಿದೆವು. ದೊಡ್ಡದು, ಚಿಕ್ಕದು ಎರಡೂ ಒಟ್ಟಿಗೆ ಬಿಸಿಯಾಗಲು ಹೊತ್ತು ಸಿಕ್ಕಿತು. ಏಳೆಂಟು ಸಲ ಬಿಟ್ಟು ನೋಡಿದ ಮೇಲೆ ಇಂಡಕ್ಟರ್ 236, ರೆಸಿಸ್ಟರ್ 244, ಇಂಡಕ್ಟರಿನಲ್ಲಿ ಕರಗಿ ನಿಂತ ಸಮಯ 62 ಸೆಕೆಂಡ್.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪ್ರೊಫೈಲ್, ಅಂದರೆ ಈ ಬಿಸಿಯ ಗ್ರಾಫ್, ತೆಗೆಯುತ್ತೇವೆ. ಜೂನ್ ಬಂದರೆ ದಿನಾ ಬೆಳಿಗ್ಗೆ. ಕಡಲ ಗಾಳಿ ಎಕ್ಸಾಸ್ಟ್ ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿದ ದಿನ, ವೋಲ್ಟೇಜ್ ಬಿದ್ದ ದಿನ ಗೆರೆ ಬೇರೆಯೇ ಬರುತ್ತದೆ. ಪೇಸ್ಟ್ ಡಬ್ಬಿಯನ್ನೂ ಫ್ರಿಜ್‌ನಿಂದ ತೆಗೆದು ನಾಲ್ಕು ಗಂಟೆ ಮುಚ್ಚಿಯೇ ಇಡಬೇಕು. ತಣ್ಣಗಿರುವಾಗ ತೆರೆದರೆ ಇಲ್ಲಿಯ ಹವೆಗೆ ಒಳಗೆಲ್ಲ ಬೆವರುತ್ತದೆ.

ತಂತಿ ಕೂರಿಸಲು ಹೊಸ ಬೋರ್ಡ್ ಹಾಳು ಮಾಡಲಿಲ್ಲ. ಕನೆಕ್ಟರ್ ಹಳದಿಯಾದ ಬೋರ್ಡುಗಳಲ್ಲಿ ಒಂದನ್ನೇ ತೆಗೆದುಕೊಂಡೆ. ಓವನ್ ಒಳಗೆ ಹೋಗಿ ಬಂದು ಈಗ ಅದು ಪೂರ್ತಿ ಕಂದಾಗಿದೆ. ಮುಂದಿನ ವಾರ ಇನ್ನೊಂದಕ್ಕೆ ತಂತಿ ಹಾಕಬೇಕು. ಅಂಥವು ಡ್ರಾಯರಿನಲ್ಲಿ ಇನ್ನೂ ಹದಿನೇಳು ಇವೆ.