ಒಂದೇ ಹಾಳೆಯಲ್ಲಿ ಹನ್ನೊಂದು ‘ಬೇಕು’

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿದ ಹೊಸತರಲ್ಲಿ ನನಗೆ ಬಂದ ಮೊದಲ ಕೆಲಸ, ಗ್ರಾಹಕರು ಕಳಿಸಿದ ಇಂಗ್ಲಿಷ್ ವರ್ಕ್ ಇನ್‌ಸ್ಟ್ರಕ್ಷನ್‌ಗಳನ್ನು ಕನ್ನಡಕ್ಕೆ ತರುವುದು. ಲೇತ್ ಪಕ್ಕದಲ್ಲಿ ನೇತುಹಾಕುವ ಹಾಳೆಗಳು ಅವು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ ಓದಿದವನು ನಾನು. ಶಲ್, ಶುಡ್, ಮಸ್ಟ್ ಮೂರಕ್ಕೂ ನನಗೆ ಬಾಯಿಪಾಠವಾಗಿದ್ದ ಅರ್ಥ ಒಂದೇ: ಬೇಕು. ಹಾಗೇ ಬರೆದೆ. ಮೊದಲ ಪೀಸ್ ಅಳೆಯಬೇಕು, ಕೂಲೆಂಟ್ ಮಟ್ಟ ನೋಡಬೇಕು, ಟ್ರೇ ಒರೆಸಬೇಕು.

ಕೆಲವು ದಿನ ಕಳೆದ ಮೇಲೆ ಹಿರಿಯ ಆಪರೇಟರ್ ಒಬ್ಬರು ಹಾಳೆಯ ಮುಂದೆ ನಿಲ್ಲಿಸಿಕೊಂಡು ಕೇಳಿದರು. “ನೋಡಪ್ಪಾ, ಎಣಿಸಿದೆ. ಹನ್ನೊಂದು ‘ಬೇಕು’ ಇದೆ ಇದರಲ್ಲಿ. ಶಿಫ್ಟ್ ಶುರುವಾಗೋ ಹೊತ್ತಲ್ಲಿ ಹನ್ನೊಂದನ್ನೂ ಮಾಡ್ತಾ ಕೂತರೆ ಮಷೀನ್ ಓಡೋದು ಯಾವಾಗ? ಬಿಡೋಕೇ ಆಗದ್ದು ಯಾವುದು ಅಂತ ಹೇಳು.”

“ನೋಡಿ ಹೇಳ್ತೀನಿ ಅಣ್ಣಾ” ಅಂದು ಮೂಲ ತೆಗೆದು ನೋಡಿದೆ. ಶಲ್ ಇದ್ದದ್ದು ಮೂರೇ ಕಡೆ. ಉಳಿದ ಎಂಟೂ ಶುಡ್. ಬರೆದವರು ತೂಕ ಮಾಡಿ ಎರಡು ರಾಶಿ ಮಾಡಿದ್ದರು, ನಾನು ಎರಡನ್ನೂ ಒಂದೇ ಚೀಲಕ್ಕೆ ಸುರಿದಿದ್ದೆ.

ಐಎಸ್‌ಒ 9001 ಎಂಬ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕದ 2015ರ ಆವೃತ್ತಿ ನಮ್ಮ ಕಪಾಟಿನಲ್ಲೇ ಇತ್ತು. ಅದರ ಪೀಠಿಕೆಯಲ್ಲಿ ನಾಲ್ಕು ಪದಗಳ ಅರ್ಥವನ್ನು ಗೆರೆ ಕೊರೆದು ಹೇಳಿದೆ: ಶಲ್ ಎಂದರೆ ಕಡ್ಡಾಯ, ಶುಡ್ ಎಂದರೆ ಶಿಫಾರಸು, ಮೇ ಎಂದರೆ ಅನುಮತಿ, ಕ್ಯಾನ್ ಎಂದರೆ ಸಾಧ್ಯತೆ ಅಥವಾ ಸಾಮರ್ಥ್ಯ. ಐಎಸ್‌ಒ ಮಾನಕಗಳನ್ನು ಬರೆಯುವವರಿಗೆಂದೇ ಇರುವ ನಿಯಮಾವಳಿ ಇನ್ನೂ ಕಟ್ಟುನಿಟ್ಟು. ಶಲ್ ಬದಲಿಗೆ ಮಸ್ಟ್ ಬಳಸಕೂಡದು, ನಿಷೇಧ ಹೇಳಲು ‘ಮೇ ನಾಟ್’ ಬಳಸಕೂಡದು ಎನ್ನುತ್ತದೆ ಅದು. ಎರಡನೆಯದರ ಕಾರಣ ಕನ್ನಡಕ್ಕೆ ಇಳಿಸಿ ನೋಡಿದಾಗ ನನಗೆ ಹೊಳೆಯಿತು. ‘ಆಪರೇಟರ್ ಮೇ ನಾಟ್ ರಿಮೂವ್ ದ ಗಾರ್ಡ್’ ಎಂದರೆ ಗಾರ್ಡ್ (ಮಷೀನಿನ ರಕ್ಷಣಾ ಕವಚ) ತೆಗೆಯಬಾರದು ಎಂದೂ ಆಗುತ್ತದೆ, ತೆಗೆಯದೇ ಇರಬಹುದು ಎಂದೂ ಆಗುತ್ತದೆ. ಕನ್ನಡದಲ್ಲಿ ಈ ಗೊಂದಲವೇ ಇಲ್ಲ. ‘ಬಾರದು’ ಬೇರೆ, ‘ದಿರಬಹುದು’ ಬೇರೆ.

ಶಾಲೆಯಲ್ಲಿ ನನಗೆ ಯಾರೂ ಹೇಳದಿದ್ದದ್ದು ಇದು: ಮೋಡಲ್ ಕ್ರಿಯಾಪದದ, ಅಂದರೆ ಕಡ್ಡಾಯ, ಅನುಮತಿ, ಸಾಧ್ಯತೆ ಹೇಳುವ ಸಹಾಯಕ ಕ್ರಿಯಾಪದದ ಲೆಕ್ಕದಲ್ಲಿ ಕನ್ನಡ ಬಡ ಭಾಷೆಯಲ್ಲ. ಒಂದು ‘ಬೇಕು’ವನ್ನೇ ಹಿಡಿದು ನಿಂತದ್ದು ನನ್ನ ತಪ್ಪು. ಅಳೆಯಲೇಬೇಕು, ಅಳೆಯಬೇಕು, ಅಳೆದರೆ ಒಳ್ಳೆಯದು, ಅಳೆಯಬಹುದು, ಅಳೆಯಬೇಕಿಲ್ಲ, ಅಳೆಯಬಾರದು, ಅಳೆಯಕೂಡದು. ಇಷ್ಟೂ ನಾವು ದಿನಾ ಆಡುವ ಮಾತೇ. ಹೊಸ ಹಾಳೆಯಲ್ಲಿ ಶಲ್ ಇದ್ದಲ್ಲೆಲ್ಲ ‘ಲೇಬೇಕು’, ಶುಡ್ ಇದ್ದಲ್ಲಿ ‘ಒಳ್ಳೆಯದು’, ಶಲ್ ನಾಟ್‌ಗೆ ‘ಕೂಡದು’, ನೀಡ್ ನಾಟ್‌ಗೆ ‘ಬೇಕಿಲ್ಲ’ ಎಂದು ಗೊತ್ತುಮಾಡಿಕೊಂಡೆ. ಮಸ್ಟ್ ನಾಟ್ ಮತ್ತು ನೀಡ್ ನಾಟ್ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ ಜನ. ಅಂಥವರಿಗೆ ನಾನು ಕೇಳುವುದು ಇಷ್ಟೇ: ‘ಮುಟ್ಟಕೂಡದು’ ಮತ್ತು ‘ಮುಟ್ಟಬೇಕಿಲ್ಲ’ ನಿಮಗೆ ಒಂದೇನಾ?

ಕನ್ನಡಕ್ಕೆ ತರುವಾಗ ಕಲಿತದ್ದು, ನಾನೇ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ ಇನ್ನೂ ಹೆಚ್ಚು ಕೈಹಿಡಿಯಿತು. ಮೊದಲೆಲ್ಲ ‘ಆಪರೇಟರ್ ಕ್ಯಾನ್ ಚೆಕ್ಸ್’, ‘ಮಸ್ಟ್ ಟು ಚೆಕ್’ ಎಂದು ಬರೆಯುತ್ತಿದ್ದೆ. ಬಿಡಿಸಿದ್ದು ಕನ್ನಡವೇ. ನಮ್ಮಲ್ಲಿ ಬರುತ್ತೇನೆ, ಬರುತ್ತಾನೆ, ಬರುತ್ತಾರೆ ಎಂದು ಕ್ರಿಯಾಪದ ಆಳಿಗೆ ತಕ್ಕಂತೆ ಬದಲಾಗುತ್ತದೆ. ಆದರೆ ನಾನು ಬರಬಹುದು, ಅವಳು ಬರಬಹುದು, ಅವರು ಬರಬಹುದು. ‘ಬಹುದು’ ಅಲುಗಾಡುವುದಿಲ್ಲ. ಅದು ಮೂಲದಲ್ಲಿ ‘ಬರುವುದು’, ಅದರ ಎದುರು ‘ಬಾರದು’ ಎಂದರೆ ‘ಬರುವುದಿಲ್ಲ’. ಆಗಲೇ ನಪುಂಸಕ ರೂಪದಲ್ಲಿ ನಿಂತುಬಿಟ್ಟಿರುವ ಪದಕ್ಕೆ ಕರ್ತೃ ಯಾರಾದರೇನು? ಇಂಗ್ಲಿಷಿನ ಕ್ಯಾನ್, ಮೇ, ಮಸ್ಟ್ ಕೂಡ ಹೀಗೇ ಅಲುಗಾಡುವುದಿಲ್ಲ. ‘ಅಳೆಯ’ದ ಬೆನ್ನಿಗೆ ‘ಬೇಕು’ ನೇರವಾಗಿ ಅಂಟಿಕೊಳ್ಳುವಂತೆ, ಮಸ್ಟ್ ಮತ್ತು ಚೆಕ್ ನಡುವೆ ‘ಟು’ಗೆ ಜಾಗವಿಲ್ಲ.

ಭೂತಕಾಲದಲ್ಲಿ ಮಾತ್ರ ದೊಡ್ಡ ಪೆಟ್ಟು ಬಿತ್ತು. ಒಂದು ಬ್ಯಾಚ್ ಬೋರ್, ಅಂದರೆ ಒಳರಂಧ್ರದ ಅಳತೆ ತಪ್ಪಿ ವಾಪಸ್ ಬಂದಿತ್ತು. ಕಾರಣ ವಿವರಿಸುವ ವರದಿ ನನ್ನ ಪಾಲಿಗೆ ಬಂತು. ಆಪರೇಟರ್ ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ ಎನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಬರೆದದ್ದು ‘ಹ್ಯಾಡ್ ಟು ಚೆಕ್’. ಪರೀಕ್ಷೆ ನಡೆದಿದ್ದರೆ ದೋಷ ಹೇಗೆ ದಾಟಿಹೋಯಿತು ಎಂದು ಗ್ರಾಹಕರು ತಿರುಗಿ ಕೇಳಿದರು. ಆ ರಾತ್ರಿ ಎರಡು ವಾಕ್ಯ ಬರೆದುಕೊಂಡು ಕೂತೆ: ‘ಹೋಗಬೇಕಾಯಿತು’, ‘ಹೋಗಬೇಕಿತ್ತು’. ಮೊದಲನೆಯದರಲ್ಲಿ ಹೋದದ್ದು ಹೌದು. ಎರಡನೆಯದರಲ್ಲಿ ಹೋಗಲಿಲ್ಲ, ಅದೇ ಈಗಿನ ಕೊರಗು. ಹ್ಯಾಡ್ ಟು ಸಾಮಾನ್ಯವಾಗಿ ಮೊದಲನೆಯದು, ಶುಡ್ ಹ್ಯಾವ್ ಎರಡನೆಯದು. ‘ಹೋಗಬಹುದಿತ್ತು’ ಕುಡ್ ಹ್ಯಾವ್. ಆ ಮೂರು ಕನ್ನಡ ಪದಗಳನ್ನು ಮೊದಲು ಬಾಯಲ್ಲಿ ಹೇಳಿಕೊಳ್ಳದೆ ಅಂದಿನಿಂದ ಒಂದು ವರದಿಯನ್ನೂ ಬರೆದಿಲ್ಲ.

ಅದೇ ರಾತ್ರಿ ಕಂಡ ಇನ್ನೊಂದು ಸಂಗತಿ ಇವತ್ತಿಗೂ ಖುಷಿ ಕೊಡುತ್ತದೆ. ‘ಬಂದಿರಬೇಕು’ ಪದವನ್ನು ಕತ್ತರಿಸಿದರೆ ಬಂದು, ಇರ, ಬೇಕು. ಬಾಲದಿಂದ ಓದಿಕೊಂಡು ಹೋಗಿ: ಬೇಕು, ಇರ, ಬಂದು. ಮಸ್ಟ್, ಹ್ಯಾವ್, ಕಮ್. ಕನ್ನಡಿಯಲ್ಲಿ ನೋಡಿದ ಹಾಗೆ. ‘ಓಡುತ್ತಿರಬಹುದು’ ಬಾಲದಿಂದ ಮೇ, ಬಿ, ರನ್ನಿಂಗ್. ಉದ್ದದ ಕ್ರಿಯಾಪದ ಎದುರಾದಾಗಲೆಲ್ಲ ಈ ಉಪಾಯ ನನ್ನನ್ನು ದಾಟಿಸಿದೆ.

ದೋಷದ ಕಾರಣ ಹುಡುಕುವಾಗ ಇದು ಬರೀ ವ್ಯಾಕರಣವಾಗಿ ಉಳಿಯುವುದಿಲ್ಲ. ಟೂಲ್ ಸವೆದಿರಬಹುದು ಎಂದರೆ ಊಹೆ, ಮೇ ಹ್ಯಾವ್ ಅಥವಾ ಮೈಟ್ ಹ್ಯಾವ್. ಟೂಲ್ ಸವೆದಿರಬೇಕು ಎಂದರೆ ಕೈಯಲ್ಲಿ ಕುರುಹು ಇದೆ, ಮಸ್ಟ್ ಹ್ಯಾವ್. ಸವೆದಿರಲಾರದು ಎನ್ನಲು ಸಾಮಾನ್ಯವಾಗಿ ಮಸ್ಟ್ ನಾಟ್ ಬರೆಯುವುದಿಲ್ಲ, ಅಲ್ಲಿ ಕಾಂಟ್ ಹ್ಯಾವ್. ಕನ್ನಡದವರಾದ ನಾವೂ ಅಲ್ಲಿ ‘ಬೇಕು’ವನ್ನು ಬಿಟ್ಟು ‘ಲಾರದು’ ಹಿಡಿಯುತ್ತೇವಲ್ಲ, ಹಾಗೆ. ಕುರುಹು ಇಲ್ಲದೆ ಮಸ್ಟ್ ಹ್ಯಾವ್ ಬರೆದರೆ ಒಬ್ಬ ಆಪರೇಟರ್ ತಲೆಗೆ ತಪ್ಪು ಕಟ್ಟಿದಂತೆ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ದಿನದ ಉತ್ಪಾದನೆ ತಿಳಿಸುವಾಗ ‘ನಿನ್ನೆ ನಾನೂರು ಪೀಸ್ ಮುಗಿಸಲು ಆಯಿತು’ ಎನ್ನಲು ಕುಡ್ ಫಿನಿಶ್ ಬರೆಯುತ್ತಿದ್ದದ್ದನ್ನೂ ಬಿಟ್ಟೆ. ಒಂದು ಸಲ ಸಾಧಿಸಿದ್ದಕ್ಕೆ ವರ್ ಏಬಲ್ ಟು ಸರಿ. ಆಗಲಿಲ್ಲ ಎನ್ನಲು ಮಾತ್ರ ಕುಡ್ ನಾಟ್ ಧಾರಾಳವಾಗಿ ನಡೆಯುತ್ತದೆ.

ಹೊಸ ಹಾಳೆಯನ್ನು ಆ ಹಿರಿಯರಿಗೇ ಮೊದಲು ತೋರಿಸಿದೆ. ಮೂರು ‘ಲೇಬೇಕು’ಗಳ ಮೇಲೂ ಬೆರಳಿಟ್ಟು ಓದಿದರು. ಆಮೇಲೆ ‘ಗಾರ್ಡ್ ತೆಗೆಯಕೂಡದು’ ಇದ್ದ ಸಾಲನ್ನು ತೋರಿಸಿ, “ಇದನ್ನ ಕೆಳಗಡೆ ಯಾಕೆ ಹಾಕಿದ್ದೀಯಪ್ಪಾ? ಮೇಲೆ ಹಾಕು” ಅಂದರು. ಮೇಲೆ ಹಾಕಿದೆ.