ಹಳ್ಳಿಕಾರ್ ಹೋರಿಯನ್ನು ಇಂಗ್ಲಿಷಿನಲ್ಲಿ ವರ್ಣಿಸುವುದು ಹೇಗೆ?

‘ಇಟ್ ಈಸ್ ಹ್ಯಾವಿಂಗ್ ಟೂ ಹಾರ್ನ್ಸ್ ಅಂಡ್ ಫೋರ್ ಲೆಗ್ಸ್.’ ಪ್ರಾಣಿಯ ಬಗ್ಗೆ ಐದು ವಾಕ್ಯ ಬರೆಯಿರಿ ಎಂದರೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಆಗಾಗ ಕಾಣುವ ವಾಕ್ಯವಿದು. ವ್ಯಾಕರಣ ತಪ್ಪಿರುವುದು ಹಾಗಿರಲಿ, ಎರಡು ಕೊಂಬು, ನಾಲ್ಕು ಕಾಲು ಮೇಕೆಗೂ ಇವೆಯಲ್ಲ! 2000ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ಹಳ್ಳಿಕಾರ್ ಹೋರಿಯನ್ನಿಟ್ಟುಕೊಂಡು ಇದನ್ನು ಸರಿಪಡಿಸೋಣ.

ಪೆನ್ನು ಹಿಡಿಯುವ ಮೊದಲು ಹೋರಿಯನ್ನು ನೋಡಿ. ಬೂದು ಮೈ, ಉದ್ದನೆಯ ಮುಖ, ಉಬ್ಬಿದ ಹಣೆ. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಸಾಗಿ, ಆಮೇಲೆ ಮುಂದಕ್ಕೆ ಬಾಗುವ ಚೂಪು ಕೊಂಬುಗಳು. ಬರೆಯಬೇಕಾದದ್ದು ಇಷ್ಟೇ.

ಈಗ ಕ್ರಿಯಾಪದ. ಬಣ್ಣ, ಗಾತ್ರ, ಗುಣ ಹೇಳುವಾಗ ‘ಈಸ್’. ಅಂಗಾಂಗ ಹೇಳುವಾಗ ‘ಹ್ಯಾಸ್’. ‘ಇಟ್ ಈಸ್ ಗ್ರೇ. ಇಟ್ ಹ್ಯಾಸ್ ಎ ಲಾಂಗ್ ಫೇಸ್.’ ಮುಖವಿರುವುದು ಈ ಕ್ಷಣ ನಡೆಯುತ್ತಿರುವ ಕೆಲಸವಲ್ಲ, ಹಾಗಾಗಿ ‘ಈಸ್ ಹ್ಯಾವಿಂಗ್’ ಸಲ್ಲದು. ಕೆರೆಯಲ್ಲಿ ಹೋರಿಯ ಮೈ ತೊಳೆಯುತ್ತಿದ್ದರೆ ‘ಇಟ್ ಈಸ್ ಹ್ಯಾವಿಂಗ್ ಎ ಬಾತ್’ ಎನ್ನಲು ಅಡ್ಡಿಯಿಲ್ಲ. ‘ಗ್ರೇ ಕಲರ್ ಬುಲ್’ ಎಂಬುದರಲ್ಲಿ ‘ಕಲರ್’ ದಂಡ. ‘ಎ ಗ್ರೇ ಬುಲ್’ ಸಾಕು.

ನಾವು ಹೆಚ್ಚು ಎಡವುವುದು ಬಹುವಚನದಲ್ಲಿ. ‘ಕೊಂಬು ಉದ್ದ’ ಎಂದರೆ ಕನ್ನಡದಲ್ಲಿ ಎರಡೂ ಕೊಂಬು ಬಂದವು. ಇಂಗ್ಲಿಷಿನಲ್ಲಿ ‘ಇಟ್ಸ್ ಹಾರ್ನ್ ಈಸ್ ಲಾಂಗ್’ ಎಂದರೆ ಹೋರಿ ಘೇಂಡಾಮೃಗವಾಗುತ್ತದೆ! ‘ಇಟ್ಸ್ ಹಾರ್ನ್ಸ್ ಆರ್ ಲಾಂಗ್’ ಎನ್ನಬೇಕು. ಈ ‘ಇಟ್ಸ್’ಗೆ ಅಪಾಸ್ಟ್ರಫಿ ಹಾಕಬೇಡಿ, ಹಾಕಿದರೆ ಅದು ‘ಇಟ್ ಈಸ್’ ಆಗುತ್ತದೆ. ಮೈಗೂದಲಿಗೆ ‘ಹೇರ್ಸ್’ ಬೇಡ, ‘ಕೋಟ್’ ಅನ್ನಿ.

ಗುಣವಾಚಕಗಳಿಗೂ ಸರದಿಯಿದೆ: ನಮ್ಮ ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಕೊನೆಗೆ ಬಣ್ಣ. ‘ಎ ಹ್ಯಾಂಡ್ಸಮ್ ಯಂಗ್ ಗ್ರೇ ಬುಲ್’ ಸರಿ. ‘ಎ ಗ್ರೇ ಯಂಗ್ ಹ್ಯಾಂಡ್ಸಮ್ ಬುಲ್’ ಕಿವಿಗೆ ಕಿರಿಕಿರಿ. ಒಂದೇ ಕಡೆ ಮೂರಕ್ಕಿಂತ ಹೆಚ್ಚು ಪೇರಿಸಬೇಡಿ.

‘ವಿತ್’ ಬಳಸುವಾಗ ಜಾಗ ನೋಡಿಕೊಳ್ಳಿ. ‘ಐ ಸಾ ಎ ಬುಲ್ ಇನ್ ದ ಫೀಲ್ಡ್ ವಿತ್ ಲಾಂಗ್ ಹಾರ್ನ್ಸ್’ ಎಂದು ಬರೆದರೆ ಕೊಂಬು ಹೊಲಕ್ಕೆ ಮೂಡಿದಂತಾಯಿತು. ‘ಎ ಬುಲ್ ವಿತ್ ಲಾಂಗ್ ಹಾರ್ನ್ಸ್’ ಮೊದಲು ಬರಲಿ, ‘ಇನ್ ದ ಫೀಲ್ಡ್’ ಆಮೇಲೆ.

ಇನ್ನು ಜೋಡಿಸಿ: ‘ದ ಹಳ್ಳಿಕಾರ್ ಈಸ್ ಎ ಲಾಂಗ್-ಹಾರ್ನ್ಡ್ ಗ್ರೇ ಬ್ರೀಡ್ ಆಫ್ ಕ್ಯಾಟಲ್. ಇಟ್ ಹ್ಯಾಸ್ ಎ ಲಾಂಗ್ ಫೇಸ್ ಅಂಡ್ ಎ ಬಲ್ಜಿಂಗ್ ಫೋರ್‌ಹೆಡ್. ಇಟ್ಸ್ ಹಾರ್ನ್ಸ್ ಗ್ರೋ ಕ್ಲೋಸ್ ಟುಗೆದರ್, ಸ್ವೀಪ್ ಬ್ಯಾಕ್‌ವರ್ಡ್ ಅಂಡ್ ದೆನ್ ಕರ್ವ್ ಫಾರ್ವರ್ಡ್.’ ಕರ್ತೃ ‘ಹಾರ್ನ್ಸ್’ ಆದ್ದರಿಂದ ‘ಗ್ರೋ, ಸ್ವೀಪ್, ಕರ್ವ್’ ಮೂರಕ್ಕೂ ಕೊನೆಯಲ್ಲಿ ‘ಎಸ್’ ಇಲ್ಲ. ಹಿಣಿಲನ್ನೂ ಸೇರಿಸುವುದಾದರೆ ‘ಹಂಪ್’, ಗಂಗೆದೊಗಲಿಗೆ ‘ಡ್ಯೂಲ್ಯಾಪ್’.

ತಳಿಯ ಬದಲು ನಿಮ್ಮ ಕೊಟ್ಟಿಗೆಯ ಹೋರಿಯನ್ನೇ ಹೆಸರಿಟ್ಟು ವರ್ಣಿಸುವಿರಾದರೆ ‘ಇಟ್’ ಬಿಟ್ಟು ‘ಹೀ’, ‘ಹಿಸ್’ ಎನ್ನಬಹುದು. ಹಸುವಾದರೆ ‘ಶೀ’, ‘ಹರ್’. ಒಮ್ಮೆ ‘ಹೀ’ ಎಂದು ಶುರುಮಾಡಿ ನಡುವೆ ‘ಇಟ್’ಗೆ ಮಾತ್ರ ಜಾರಬೇಡಿ.